ಡಿಐಯೋ, ಸಿಆರ್‌ಡಿಇಯೋ: ಒಂದು ಹಳೇ ಥಾರ್‌ನ ಲೆಕ್ಕ

ಮಲೆನಾಡಿನಲ್ಲಿ ಹಳೇ ಥಾರ್ ಹುಡುಕುತ್ತಿದ್ದೇನೆ ಎಂದು ಒಬ್ಬರ ಕಿವಿಗೆ ಹಾಕಿದರೆ ಸಾಕು, ಸಂಜೆಯೊಳಗೆ ಊರೇ ಸಲಹೆ ಕೊಡಲು ಬರುತ್ತದೆ. ಬಂದವರಲ್ಲಿ ಎರಡು ಪಕ್ಷ. "ಡಿಐ ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ" ಎನ್ನುವವರು ಒಂದು ಕಡೆ, "ಸಿಆರ್‌ಡಿಇ ಬಿಟ್ಟು ಬೇರೇನೂ ಮುಟ್ಟಬೇಡಿ" ಎನ್ನುವವರು ಇನ್ನೊಂದು ಕಡೆ. ಸ್ವಲ್ಪ ವಿಚಾರಿಸಿದರೆ ಗೊತ್ತಾಗುತ್ತದೆ, ಯಾರ ಅಂಗಳದಲ್ಲಿ ಯಾವುದು ನಿಂತಿದೆಯೋ ಅವರು ಅದರ ಪಕ್ಷ. ಇಬ್ಬರೂ ನಮ್ಮ ಜೇಬಿನ ಲೆಕ್ಕ ಕೇಳುವುದಿಲ್ಲ.

ಹೊಸ ಪೀಳಿಗೆಯವರಿಗಾಗಿ ಒಂದು ಮಾತು. ಈಗ ರಸ್ತೆಯಲ್ಲಿ ಕಾಣುವ, ಸಿನಿಮಾ ನಾಯಕರಂತೆ ಎದೆಯುಬ್ಬಿಸಿಕೊಂಡ ಥಾರ್ ಬಂದಿದ್ದು 2020ರ ಅಕ್ಟೋಬರಿನಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನದು, 2010ರ ಅಕ್ಟೋಬರಿನಲ್ಲಿ ಮಹೀಂದ್ರದವರು ಬಿಡುಗಡೆ ಮಾಡಿದ, ಹಳೇ ಜೀಪಿನ ಮೈಕಟ್ಟಿನ ಥಾರ್. ಅದರಲ್ಲಿ ಎರಡು ಡೀಸೆಲ್ ಎಂಜಿನ್ ಇದ್ದವು. ಡಿಐ 2523 ಸಿಸಿ, 63 ಅಶ್ವಶಕ್ತಿ. ಸಿಆರ್‌ಡಿಇ 2498 ಸಿಸಿ, 105 ಅಶ್ವಶಕ್ತಿ. ಗಾತ್ರ ಹೆಚ್ಚು ಕಡಿಮೆ ಒಂದೇ, ಸ್ವಭಾವ ಮಾತ್ರ ಉತ್ತರ ದಕ್ಷಿಣ. ಡಿಐಯಲ್ಲಿ ಡೀಸೆಲನ್ನು ಸಿಲಿಂಡರಿಗೆ ತಳ್ಳುವುದು ಮೆಕ್ಯಾನಿಕಲ್ ಪಂಪು. ಮುಖ್ಯ ಕೆಲಸಕ್ಕೆ ಕರೆಂಟಿನ ಹಂಗಿಲ್ಲ. ಸಿಆರ್‌ಡಿಇಯಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಡೀಸೆಲ್ ಒಂದು ಕೊಳವೆಯಲ್ಲಿ ಕಾದಿರುತ್ತದೆ. ಯಾವ ಕ್ಷಣಕ್ಕೆ ಎಷ್ಟು ಬಿಡಬೇಕು ಎಂದು ಕಂಪ್ಯೂಟರ್ ಹೇಳುತ್ತದೆ, ಇಂಜೆಕ್ಟರ್ ಬಿಡುತ್ತದೆ.

ನನ್ನ ಮನೆ ಶಿವಮೊಗ್ಗದಲ್ಲಿ, ತೋಟ ಹೊಸನಗರದಾಚೆ. ಟಾರು ರಸ್ತೆ ಮುಗಿದ ಮೇಲೆ ಹಳ್ಳ ದಾಟಿ, ಕೆಮ್ಮಣ್ಣಿನ ಏರು ಹತ್ತಿದರೆ ಕಣ. ಬೇಸಿಗೆಯಲ್ಲಿ ಆ ದಾರಿಗೆ ಆಲ್ಟೋ ಸಾಕು. ಜೂನ್ ಬಂತೆಂದರೆ ಸಾಮಾನ್ಯ ಗಾಡಿ ಹಳ್ಳದ ಈಚೆಗೇ ನಿಲ್ಲಬೇಕು.

ಹಣಕಾಸು ಅಂಕಣ ಬರೆಯುವವನು ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾನೂ ಕೇಳಿಕೊಂಡೆ: ಫೋರ್ ವೀಲ್ ಗಾಡಿ ಬೇಕೇ? ಊರಿನಲ್ಲಿ ಬಾಡಿಗೆ ಜೀಪು ಸಿಗುತ್ತದೆ. ಹಳ್ಳದಿಂದ ಕಣಕ್ಕೆ ಸಾಮಾನು ಹೊತ್ತು ಹೋಗಿ ಬರಲು 1,200 ರೂಪಾಯಿ. ಮಳೆಗಾಲದ ನಾಲ್ಕು ತಿಂಗಳು ವಾರಕ್ಕೆರಡು ಸಲ ಎಂದು ಹಿಡಿದರೂ ವರ್ಷಕ್ಕೆ 42 ಸಾವಿರದ ಆಸುಪಾಸು. ಆರೂಕಾಲು ಲಕ್ಷ ಕೊಟ್ಟು ಗಾಡಿ ತಂದರೆ, ಆ ದುಡ್ಡು ಬ್ಯಾಂಕಿನಲ್ಲಿ ಶೇ. 7ರ ಠೇವಣಿಯಲ್ಲಿದ್ದಿದ್ದರೆ ಬರುತ್ತಿದ್ದ ಬಡ್ಡಿಯೇ ವರ್ಷಕ್ಕೆ 43,750. ಅಂದರೆ ಗಾಡಿ ಒಂದು ಹನಿ ಡೀಸೆಲ್ ಕುಡಿಯುವ ಮೊದಲೇ ಬಾಡಿಗೆ ಜೀಪು ಗೆದ್ದಿತ್ತು. ಕಾಗದದ ಮೇಲೆ ಕತೆ ಅಲ್ಲಿಗೇ ಮುಗಿಯಬೇಕು.

ಮುಗಿಯಲಿಲ್ಲ, ಕಾರಣ ಕೊಳೆರೋಗ. ಅಡಿಕೆಗೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ ಆಗಬೇಕು, ಎರಡನೆಯದು ಅಲ್ಲಿಂದ 40–45 ದಿನಕ್ಕೆ, ಅಂದರೆ ಸರಿಯಾಗಿ ಜಡಿಮಳೆಯ ನಡುವೆ. ಮಳೆ ಎರಡು ದಿನ ಬಿಡುವು ಕೊಟ್ಟಾಗ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರು ಎಲ್ಲವೂ ತೋಟದಲ್ಲಿ ಇರಬೇಕು. ಆ ಎರಡು ದಿನ ಇಡೀ ಸೀಮೆಗೆ ಜೀಪು ಬೇಕು. ಬಾಡಿಗೆ ಜೀಪಿನವರು ಆಗ ಫೋನ್ ಎತ್ತುವುದೂ ಇಲ್ಲ. ಒಂದು ಸಿಂಪಡಣೆ ತಪ್ಪಿದರೆ ಉದುರುವ ಅಡಿಕೆಯ ಬೆಲೆ ಯಾವ ಬಡ್ಡಿಯ ಲೆಕ್ಕಕ್ಕೂ ಸಿಗುವುದಿಲ್ಲ. ತೋಟ ಇಲ್ಲದೆ, ವಾರಾಂತ್ಯಕ್ಕೆ ಕೊಡಚಾದ್ರಿ ಹತ್ತಬೇಕು ಎಂಬ ಆಸೆಗಷ್ಟೇ ಹಳೇ ಫೋರ್ ವೀಲ್ ಹುಡುಕುತ್ತಿರುವವರು ಇದೇ ಪ್ಯಾರಾದಲ್ಲಿ ಇಳಿದುಕೊಳ್ಳಬಹುದು. ಬಾಡಿಗೆ ಜೀಪಿನಲ್ಲಿ ಹೋಗಿ, ಉಳಿದ ದುಡ್ಡಿನಲ್ಲಿ ನಿಟ್ಟೂರಿನಲ್ಲಿ ಊಟ ಮಾಡಿ.

ಕೊನೆಗೆ ಎರಡು ಗಾಡಿ ಉಳಿದವು. 2012ರಲ್ಲಿ ನೋಂದಣಿಯಾದ ಡಿಐ ಫೋರ್ ವೀಲ್, ತೀರ್ಥಹಳ್ಳಿ ಕಡೆಯದು, ಹೇಳಿದ ಬೆಲೆ 4.40 ಲಕ್ಷ. 2014ರ ಸಿಆರ್‌ಡಿಇ, ಶಿವಮೊಗ್ಗದ್ದೇ, 6.60 ಲಕ್ಷ. ಅಂತರ 2.20 ಲಕ್ಷ.

ನಮ್ಮ ಭಾವ ಡಿಐ ಪಕ್ಷದ ಅಧ್ಯಕ್ಷರು. "ಮಾರಾಯಾ, ಡಿಐ ಅಂದ್ರೆ ಟ್ರ್ಯಾಕ್ಟರ್ ಇದ್ದಂಗೆ. ಒಂದು ಸ್ಪ್ಯಾನರ್ ಸೆಟ್ಟು, ಒಂದು ಸುತ್ತಿಗೆ ಇದ್ರೆ ಮುಗೀತು. ನಿನ್ನ ಸಿಆರ್‌ಡಿಇಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಇಂಜಿನಿಯರ್ ಬರಬೇಕು" ಎಂದರು. ಮಾತಿನಲ್ಲಿ ಹುರುಳಿದೆ. ಡಿಐಯ ಬ್ಯಾಟರಿ ಮಲಗಿದರೆ ಇಳಿಜಾರಿನಲ್ಲಿ ಬಿಟ್ಟು, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎದ್ದು ಕೂರುತ್ತದೆ. ಮಲೆನಾಡಿನವರು ಜೀಪನ್ನು ಏರಿನ ಮೇಲೇ ನಿಲ್ಲಿಸುವ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಸಿಆರ್‌ಡಿಇಗೆ ಕಂಪ್ಯೂಟರಿಗೆ ಬೇಕಾದಷ್ಟು ಕರೆಂಟು ಇಲ್ಲದಿದ್ದರೆ ಗುಡ್ಡದ ತುದಿಯಿಂದ ಬಿಟ್ಟರೂ ಸ್ಟಾರ್ಟ್ ಆಗದು. ಜೊತೆಗೆ ಇಲಿ. ತೋಟದ ಮನೆಯ ಇಲಿಗಳಿಗೆ ವೈರಿಂಗ್ ಎಂದರೆ ಹಬ್ಬ. ಡಿಐಯಲ್ಲಿ ಅವಕ್ಕೆ ಕಡಿಯಲು ಹೆಚ್ಚೇನೂ ಸಿಗದು.

ಡೀಸೆಲಿನದೂ ಹಾಗೇ. ತೋಟದಲ್ಲಿ ಕ್ಯಾನಿನಲ್ಲಿಟ್ಟ ಡೀಸೆಲಿಗೆ ಮಳೆಗಾಲದ ತೇವಕ್ಕೆ ನೀರು ಸೇರುತ್ತದೆ. ಅವಸರಕ್ಕೆ ಅದನ್ನೇ ಸುರಿದರೆ ಡಿಐ ಕೆಮ್ಮಿ, ಸುಧಾರಿಸಿಕೊಂಡು ಹೋದೀತು. ಸಿಆರ್‌ಡಿಇಯ ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಿಗೆ, ಒತ್ತಡದ ಪಂಪಿಗೆ ಆ ನೀರು ವಿಷ.

ಹಾಗಾದರೆ ಡಿಐಯೇ ಸರಿ ಅಲ್ಲವೇ? ಮೊದಲು ನನಗೂ ಹಾಗೇ ಕಂಡಿತ್ತು. ಆಮೇಲೆ ಎರಡೂ ಗಾಡಿಯನ್ನು ಶಿವಮೊಗ್ಗದ ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿ ರಿಪೇರಿಯ ಅಂದಾಜು ಕೇಳಿದೆ. ಗಾಡಿ ಕೊಳ್ಳುವ ಮುಂಚೆ ಮೇಸ್ತ್ರಿಗೆ ಒಂದು ದಿನದ ಸಂಬಳ ಕೊಟ್ಟು ಜೊತೆಗೆ ಕರೆದುಕೊಂಡು ಹೋಗುವ ದುಡ್ಡು ಈ ವ್ಯವಹಾರದಲ್ಲೇ ಅತಿ ಹೆಚ್ಚು ಲಾಭ ತರುವ ಹೂಡಿಕೆ.

ಅವರು ಕೊಟ್ಟ ಅಂದಾಜು ಹೀಗಿತ್ತು. ಡಿಐಗೆ ಪಂಪು ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಿ, ನಾಝಲ್ ಬದಲಿಸಿದರೆ 14 ಸಾವಿರ. ಸಿಆರ್‌ಡಿಇಗೆ ಹೊಸ ಇಂಜೆಕ್ಟರ್ ಒಂದಕ್ಕೇ 18 ಸಾವಿರ, ನಾಲ್ಕೂ ಹೋದರೆ 72 ಸಾವಿರ. ಇಷ್ಟಕ್ಕೇ ನಿಲ್ಲಿಸಿದರೆ ಭಾವನವರ ಪಕ್ಷಕ್ಕೆ ಬಹುಮತ. ಆದರೆ ಮೇಸ್ತ್ರಿ ಇನ್ನೊಂದು ಮಾತು ಸೇರಿಸಿದರು: "ಸರ್, ಡಿಐ ತಿಂಗಳಿಗೊಮ್ಮೆ ಏನಾದ್ರೂ ಕೇಳ್ತದೆ. ಕ್ರಾಸ್ ಹೋಯ್ತು, ಆಯಿಲ್ ಲೀಕ್ ಆಯ್ತು, ಮೌಂಟಿಂಗ್ ಹೋಯ್ತು. ಸಿಆರ್‌ಡಿಇ ಮೂರು ವರ್ಷ ಏನೂ ಕೇಳಲ್ಲ. ಕೇಳಿದ ದಿನ ಮಾತ್ರ ಒಟ್ಟಿಗೇ ಕೇಳ್ತದೆ."

ನನ್ನ ಮಟ್ಟಿಗೆ ಇಡೀ ಆಯ್ಕೆಯ ಗಂಟು ಬಿಚ್ಚಿದ್ದು ಅಲ್ಲಿ. ಎರಡು ಎಂಜಿನ್‌ಗಳ ನಡುವೆ ಇರುವುದು ಖರ್ಚು ಹೆಚ್ಚೋ ಕಡಿಮೆಯೋ ಎಂಬ ವ್ಯತ್ಯಾಸಕ್ಕಿಂತ ಖರ್ಚು ಬರುವ ರೀತಿಯ ವ್ಯತ್ಯಾಸ. ಚಿಲ್ಲರೆ ಚಿಲ್ಲರೆಯಾಗಿ ಬರುವ ಖರ್ಚನ್ನು ತಡೆದುಕೊಳ್ಳುವವರು ಒಂದು ಜಾತಿ, ಒಮ್ಮೆಗೇ ಬರುವ ದೊಡ್ಡ ಬಿಲ್ಲನ್ನು ತಡೆದುಕೊಳ್ಳುವವರು ಇನ್ನೊಂದು ಜಾತಿ. ವರ್ಷಕ್ಕೊಮ್ಮೆ ಅಡಿಕೆ ಮಾರಿ ದುಡ್ಡು ನೋಡುವ, ಗಾಡಿ ಕೆಟ್ಟರೆ ಕೊಟ್ಟಿಗೆಯಲ್ಲೇ ಎರಡು ದಿನ ನಿಲ್ಲಿಸಿ ತಾವೇ ಬಿಚ್ಚಬಲ್ಲ ಭಾವನಂಥವರಿಗೆ ಮೊದಲನೆಯದು ಸಲೀಸು. ತಿಂಗಳ ಸಂಬಳದವನಾದ, ರಜೆ ಲೆಕ್ಕ ಹಾಕಿ ತೋಟಕ್ಕೆ ಹೋಗುವ ನನಗೆ, ಗಾಡಿ ಕೆಟ್ಟು ನಿಂತ ಒಂದು ಭಾನುವಾರ ರಿಪೇರಿಯ ಬಿಲ್ಲಿಗಿಂತ ದುಬಾರಿ. ದೊಡ್ಡ ಬಿಲ್ಲಿಗಾದರೆ ಮೊದಲೇ ದುಡ್ಡು ಕೂಡಿಡಬಹುದು, ಕಳೆದ ಭಾನುವಾರವನ್ನು ಯಾವ ಬ್ಯಾಂಕೂ ವಾಪಸು ಕೊಡದು.

"ಯಾರು ಬೇಕಾದರೂ ರಿಪೇರಿ ಮಾಡ್ತಾರೆ" ಎಂಬ ಡಿಐ ಕೀರ್ತಿಯನ್ನೂ ಈಗ ಸ್ವಲ್ಪ ಅಳೆದು ನೋಡಬೇಕು. ಮೆಕ್ಯಾನಿಕಲ್ ಪಂಪನ್ನು ಕಿವಿಯಲ್ಲೇ ಟೈಮಿಂಗ್ ಹಿಡಿದು ಕೂರಿಸುತ್ತಿದ್ದ ಹಳೇ ಮೇಸ್ತ್ರಿಗಳು ಒಬ್ಬೊಬ್ಬರೇ ಗ್ಯಾರೇಜು ಮುಚ್ಚುತ್ತಿದ್ದಾರೆ. ಈಗಿನ ಹುಡುಗರ ಕೈಗೆ ಮೊದಲು ಬರುವುದು ಸ್ಕ್ಯಾನರ್. ಅದು ಯಾವ ಸೆನ್ಸರ್ ಹೋಗಿದೆ ಎಂದು ತೋರಿಸುತ್ತದೆ, ಅವರು ಬದಲಿಸುತ್ತಾರೆ. ತೀರ್ಥಹಳ್ಳಿ, ಹೊಸನಗರದಂಥ ಊರಿನಲ್ಲೂ ಸ್ಕ್ಯಾನರ್ ಇಟ್ಟವರು ಇದ್ದಾರೆ. ಡಿಐಯ ಬಿಡಿಭಾಗಕ್ಕೆ ಮಾತ್ರ ಯೋಚನೆಯಿಲ್ಲ. ಇದೇ ಮೂಲದ 2523 ಸಿಸಿ ಎಂಜಿನ್ ಬೊಲೆರೋ ಮತ್ತು ಪಿಕಪ್ ಗಾಡಿಗಳಲ್ಲೂ ಓಡಾಡಿದೆ, ಹಾಗಾಗಿ ಯಾವ ಸಂತೆಪೇಟೆಯಲ್ಲೂ ಸಾಮಾನು ಸಿಗುತ್ತದೆ.

ಮೈಲೇಜಿನ ಬಗ್ಗೆ ಜನ ಗಂಟೆಗಟ್ಟಲೆ ವಾದಿಸುತ್ತಾರೆ. ನಾನು ಎರಡು ಸಾಲಿನಲ್ಲಿ ಮುಗಿಸುತ್ತೇನೆ. ವರ್ಷಕ್ಕೆ 8,000 ಕಿ.ಮೀ., ಡಿಐ ಲೀಟರಿಗೆ 12, ಸಿಆರ್‌ಡಿಇ 11 ಎಂದಿಟ್ಟುಕೊಂಡರೆ ವ್ಯತ್ಯಾಸ ವರ್ಷಕ್ಕೆ 60 ಲೀಟರ್. ಲೀಟರಿಗೆ 90 ರೂಪಾಯಿಯಂತೆ 5,400. ಒಂದು ಟೈರಿನ ಬೆಲೆಯೂ ಅಲ್ಲ.

ಶಕ್ತಿಯದ್ದು ಬೇರೆ ಮಾತು. ಕೆಸರಿನ ಏರಿನಲ್ಲಿ 63 ಅಶ್ವಶಕ್ತಿ ಧಾರಾಳ ಸಾಕು. ಡಿಐಯ 182.5 ನ್ಯೂಟನ್ ಮೀಟರ್ ಟಾರ್ಕ್ 1,500 ಆರ್‌ಪಿಎಂಗೇ ಬಂದು ನಿಲ್ಲುತ್ತದೆ. ಲೋ ಗೇರಿಗೆ ಹಾಕಿದರೆ ಅದು ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟಾಗಿ ತಲುಪುತ್ತದೆ. ಹಳ್ಳದಾಚೆಯ ಏರನ್ನು ಡಿಐ ಆಕ್ಸಿಲರೇಟರ್ ಮುಟ್ಟದೆ ಹತ್ತಿದ್ದನ್ನು ಪರೀಕ್ಷೆಯ ದಿನ ನಾನೇ ಕಂಡೆ. ಸಿಆರ್‌ಡಿಇಯ 247 ನ್ಯೂಟನ್ ಮೀಟರ್ ಆ ಏರಿಗೆ ಅನಾವಶ್ಯಕ. ಆದರೆ ನನ್ನ ಓಡಾಟದ ಬಹುಪಾಲು ಶಿವಮೊಗ್ಗದಿಂದ ಹೊಸನಗರದ ಟಾರು ರಸ್ತೆ. ಅಲ್ಲಿ ಮುಂದೆ ಮರದ ಲಾರಿ, ಹಿಂದೆ ಅವಸರದ ಬಸ್ಸು, ತಿರುವಿನ ಮೇಲೆ ತಿರುವು. ಡಿಐ ಗಂಟೆಗೆ 70 ದಾಟಿದ ಮೇಲೆ ಎಂಜಿನ್ ಗೋಗರೆಯುತ್ತಿತ್ತು. ಲಾರಿ ಹಿಂದಿಕ್ಕಬೇಕೆಂದರೆ ಪಂಚಾಂಗ ನೋಡಬೇಕು. ನಾನು ನೋಡಿದ ಡಿಐಗೆ ಪವರ್ ಸ್ಟೀರಿಂಗ್ ಇರಲಿಲ್ಲ. ಮುಂದೆಯೂ ಲೀಫ್ ಸ್ಪ್ರಿಂಗ್ ಆದ್ದರಿಂದ ಗುಂಡಿ ಬಂದಾಗಲೆಲ್ಲ ಬೆನ್ನಿಗೆ ವಿಷಯ ತಿಳಿಯುತ್ತಿತ್ತು. ಸಿಆರ್‌ಡಿಇಯ ಮುಂಭಾಗದ್ದು ಇಂಡಿಪೆಂಡೆಂಟ್ ಸಸ್ಪೆನ್ಷನ್, ಐವತ್ತು ದಾಟಿದ ಸೊಂಟಕ್ಕೆ ಅದರ ಬೆಲೆ ಗೊತ್ತು.

ಒಂದು ಮಾತು ಇಲ್ಲೇ ಹೇಳಬೇಕು. ಎರಡೂ ಸಂಸಾರದ ಗಾಡಿಯಲ್ಲ. ಹಿಂದಿನ ಸೀಟು ಎದುರುಬದುರು ಬೆಂಚು, ಏರ್‌ಬ್ಯಾಗ್ ಇಲ್ಲ, ಕೊನೆಯ ದಿನಗಳ ಕೆಲವು ಗಾಡಿ ಬಿಟ್ಟರೆ ಎಬಿಎಸ್ಸೂ ಇಲ್ಲ. "ಮಕ್ಕಳನ್ನು ಅದರ ಹಿಂದೆ ಕೂರಿಸೋದಿಲ್ಲ" ಎಂದು ಮನೆಯಲ್ಲಿ ಮೊದಲೇ ಆದೇಶವಾಗಿತ್ತು. ಹಾಗಾಗಿ ಆಲ್ಟೋ ಉಳಿಯಿತು. ಅದರ ವಿಮೆ, ಸರ್ವೀಸು ಕೂಡ ಈ ಲೆಕ್ಕಕ್ಕೆ ಸೇರಬೇಕಾದ ಖರ್ಚೇ. ಹಳೇ ಫೋರ್ ವೀಲ್ ಬಂದರೆ ಮನೆಯ ಕಾರು ಹೋಗುತ್ತದೆ ಎಂಬ ಲೆಕ್ಕ ಹಾಕುವವರು ಇನ್ನೊಮ್ಮೆ ಯೋಚಿಸಲಿ.

ಈಗ ಎಂಜಿನ್ನಿಗಿಂತ ಮುಖ್ಯವಾದ, ಆದರೆ ಯಾವ ಪಕ್ಷದವರೂ ಎತ್ತದ ವಿಷಯ: ಆರ್‌ಸಿಯ ಆಯಸ್ಸು. ಖಾಸಗಿ ಗಾಡಿಯ ನೋಂದಣಿಗೆ 15 ವರ್ಷ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ವರೆಗೆ ಕಾರು, ಜೀಪಿಗೆ ಈ ನವೀಕರಣದ ಶುಲ್ಕ 600 ರೂಪಾಯಿ ಇತ್ತು, ಅಲ್ಲಿಂದ 5,000 ಆಯಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಶುಲ್ಕ ದೊಡ್ಡದಲ್ಲ. ಫಿಟ್‌ನೆಸ್ಸಿಗೆ ಹೋಗುವ ಮುನ್ನ ತುಕ್ಕು ಹಿಡಿದ ಫ್ಲೋರ್, ಬ್ರೇಕು, ಹೊಗೆ, ಬಣ್ಣ ಎಲ್ಲಕ್ಕೂ ಮಾಡಿಸಬೇಕಾದ ಕೆಲಸ ದೊಡ್ಡದು. ನಾನು ನೋಡಿದ ಡಿಐಯ ಆರ್‌ಸಿ 2027ಕ್ಕೆ ಮುಗಿಯುತ್ತಿತ್ತು, ಸಿಆರ್‌ಡಿಇಯದು 2029ಕ್ಕೆ. ಆರ್‌ಸಿ ಮುಗಿಯಲು ಒಂದೂವರೆ ವರ್ಷ ಇರುವ ಗಾಡಿಗೂ ಮೂರೂವರೆ ವರ್ಷ ಇರುವ ಗಾಡಿಗೂ ಒಂದೇ ತಕ್ಕಡಿ ಹಿಡಿಯಬಾರದು. ಸಾಲ ಮಾಡಿ ಕೊಳ್ಳುವವರಿಗೆ ಇದು ಇನ್ನೂ ಬಿಗಿ. ಇಷ್ಟು ಹಳೆಯ ಗಾಡಿ ಎಂದರೆ ಸಾಲ ಕೊಡುವವರು ಸಾಮಾನ್ಯವಾಗಿ ಮೂಗು ಮುರಿಯುತ್ತಾರೆ, ಕೊಟ್ಟರೂ ಹೊಸ ಗಾಡಿಗಿಂತ ಹೆಚ್ಚು ಬಡ್ಡಿ.

ದಿಲ್ಲಿ ಗಾಡಿಗಳ ಆಮಿಷವೂ ಬಂದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎಂದ ಮೇಲೆ, ಅದನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ, ಅಲ್ಲಿನ ಹಳೇ ಡೀಸೆಲ್ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣದ ದಾರಿ ಹಿಡಿದಿವೆ. ಕೇಳಿದ ಬೆಲೆ ನೋಡಿ ಬಾಯಲ್ಲಿ ನೀರೂರುವುದು ಸಹಜ. ಆದರೆ ಅಲ್ಲಿಂದ ಎನ್‌ಒಸಿ ತರಿಸಿ, ಕರ್ನಾಟಕದಲ್ಲಿ ಮತ್ತೆ ನೋಂದಣಿ ಮಾಡಿಸಿ, ಗಾಡಿಯ ಬೆಲೆ ಮತ್ತು ವಯಸ್ಸಿನ ಲೆಕ್ಕದಲ್ಲಿ ಆಜೀವ ತೆರಿಗೆ ಕಟ್ಟಿ, ಏಜೆಂಟರಿಗೂ ಕೊಟ್ಟು ಮುಗಿಸುವಷ್ಟರಲ್ಲಿ ಅಗ್ಗದ ಬೆಲೆ ಊರಿನ ಬೆಲೆಗೇ ಬಂದು ನಿಲ್ಲುತ್ತದೆ. ನಾನು ಆ ಕಡೆ ತಲೆ ಹಾಕಲಿಲ್ಲ.

ಇನ್ನೊಂದು ಬಲೆ ಮಾಡಿಫಿಕೇಶನ್. ಹಳೇ ಥಾರ್ ಮಾರುವವರು "ಒಂದೂವರೆ ಲಕ್ಷದ ಆಕ್ಸೆಸರೀಸ್ ಹಾಕ್ಸಿದೀನಿ" ಎಂದು ಬೆಲೆಗೆ ಸೇರಿಸುತ್ತಾರೆ. ದೊಡ್ಡ ಟೈರು, ಕಬ್ಬಿಣದ ಬಂಪರು, ಹಾರ್ಡ್‌ಟಾಪ್, ಸಾಲು ದೀಪ. ಕಾರ್ಖಾನೆ ಕೊಟ್ಟ ರೂಪವನ್ನು ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ನನ್ನ ಲೆಕ್ಕದಲ್ಲಿ ಆ ಒಂದೂವರೆ ಲಕ್ಷದ ಬೆಲೆ ಸೊನ್ನೆ, ಬಿಚ್ಚಿಸುವ ಕೂಲಿ ಹಿಡಿದರೆ ಸೊನ್ನೆಗೂ ಕೆಳಗೆ. ಎಂಜಿನ್ ಬದಲಿಸಿದ ಗಾಡಿ ಎಂದರೆ ಎಂಜಿನ್ ನಂಬರು ಆರ್‌ಸಿಯಲ್ಲಿ ಕೂತಿದೆಯೇ ಎಂದು ಪರಿವಾಹನ್ ಆ್ಯಪಿನಲ್ಲಿ ನೋಡದೆ ಮುಂಗಡ ಕೊಡಬೇಡಿ.

ಸಿಆರ್‌ಡಿಇ ಬೆಲೆ ಇಳಿದದ್ದು ನಾಲ್ಕು ಪುಟ್ಟ ಬಾಟಲಿಯಿಂದ. ಮೇಸ್ತ್ರಿ ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಸಿಕ್ಕಿಸಿ ಎಂಜಿನ್ ಓಡಿಸಿದರು. ಸವೆದ ಇಂಜೆಕ್ಟರ್ ಹೆಚ್ಚು ಡೀಸೆಲ್ ಹಿಂದಕ್ಕೆ ಬಿಡುತ್ತದೆ. ಮೂರು ಬಾಟಲಿ ಒಂದೇ ಮಟ್ಟಕ್ಕೆ ತುಂಬಿದವು, ಮೂರನೇ ಸಿಲಿಂಡರಿನದು ಮಾತ್ರ ಎದ್ದು ಕಾಣುವಷ್ಟು ಮೇಲೆ. ಹಿಂದಿನ ಮಾಲೀಕರು ಡೀಸೆಲ್ ಫಿಲ್ಟರ್ ಬದಲಿಸಿ ಯಾವ ಕಾಲವಾಗಿತ್ತೋ. ಬಾಟಲಿ ಮೇಜಿನ ಮೇಲಿಟ್ಟು ಮಾತಾಡಿದ್ದಕ್ಕೆ 6.60 ಲಕ್ಷ 6.25ಕ್ಕೆ ಇಳಿಯಿತು. ಒಂದು ಇಂಜೆಕ್ಟರಿನ ಬೆಲೆಯ ಸುಮಾರು ಎರಡು ಪಟ್ಟು. ಡಿಐಗೂ ಇಂಥ ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಬೇಕು. ಅಲ್ಲಿಂದ ಹೊಗೆ ಪುಸುಪುಸು ಬಂದರೆ ರಿಂಗು, ಬೋರು ಸವೆದಿದೆ ಎಂದರ್ಥ. ನಾವು ನೋಡಿದ ಡಿಐ ಅದರಲ್ಲಿ ಪಾಸಾಗಿತ್ತು.

ಫೋರ್ ವೀಲ್ ಮಾತ್ರ ಎರಡರಲ್ಲೂ ಒಂದೇ ಥರ ನೋಡಬೇಕು. ವರ್ಷಗಟ್ಟಲೆ ಲಿವರ್ ಮುಟ್ಟದ ಗಾಡಿಗಳಿವೆ. ಮಣ್ಣಿನ ಮೇಲೆ ಹೈ, ಲೋ ಎರಡಕ್ಕೂ ಹಾಕಿ, ಮುಂದಿನ ಚಕ್ರ ನಿಜಕ್ಕೂ ಎಳೆಯುತ್ತದೆಯೇ ಎಂದು ಕೆಳಗಿಳಿದು ನೋಡಿ. ಟಾರಿನ ಮೇಲೆ ಫೋರ್ ವೀಲ್ ಹಾಕಿ ತಿರುವಬೇಡಿ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿ ಇದು. ತಿರುವಿನಲ್ಲಿ ಎರಡೂ ಆಕ್ಸಲ್ ಬೇರೆ ಬೇರೆ ವೇಗ ಕೇಳುತ್ತವೆ, ಸಿಗದೆ ಗೇರುಗಳು ಸೆಟೆದುಕೊಳ್ಳುತ್ತವೆ. ಪರೀಕ್ಷೆ ಮಾಡಲು ಹೋಗಿ ನೀವೇ ಮುರಿದರೆ ಬಿಲ್ಲು ನಿಮ್ಮದೇ.

ಲೆಕ್ಕ ಕೂಡಿಸಿದೆ. ಡಿಐ ಚೌಕಾಸಿಯಲ್ಲಿ 4.10ಕ್ಕೆ ಬಂದಿತ್ತು. 2.15 ಲಕ್ಷ ಹೆಚ್ಚಿಗೆ ಕೊಟ್ಟರೆ ಕಳೆದುಕೊಳ್ಳುವ ಬಡ್ಡಿ ವರ್ಷಕ್ಕೆ 15 ಸಾವಿರ. ಡೀಸೆಲಿಗೆ 5,400. ಸಿಆರ್‌ಡಿಇ ರಿಪೇರಿಗೆಂದು ತಿಂಗಳಿಗೆ 2,000ದಂತೆ 24 ಸಾವಿರ ಎತ್ತಿಡುವುದು, ಡಿಐಯ ಚಿಲ್ಲರೆ ರಿಪೇರಿಗೆ ವರ್ಷಕ್ಕೆ 15 ಸಾವಿರ, ಅಂತರ 9 ಸಾವಿರ. ಮಾರುವಾಗ ಎರಡರಲ್ಲೂ ಇಳಿಯುವ ಬೆಲೆ ಹೆಚ್ಚು ಕಡಿಮೆ ಸಮ ಎಂದಿಟ್ಟುಕೊಂಡೆ, ಅದು ಊಹೆ. ಒಟ್ಟು ಸಿಆರ್‌ಡಿಇಗೆ ವರ್ಷಕ್ಕೆ ಸುಮಾರು 30 ಸಾವಿರ, ತಿಂಗಳಿಗೆ 2,500 ಹೆಚ್ಚು. ಆ 2,500ಕ್ಕೆ ಸಿಗುವುದು ಲಾರಿ ಹಿಂದಿಕ್ಕುವ ಧೈರ್ಯ, ಹಗುರ ಸ್ಟೀರಿಂಗು, ಆರ್‌ಸಿಯಲ್ಲಿ ಎರಡು ವರ್ಷ ಹೆಚ್ಚು ಆಯಸ್ಸು. ತೋಟದಲ್ಲೇ ವಾಸ ಮಾಡುವವನಾಗಿದ್ದರೆ ಇದರಲ್ಲಿ ಒಂದಕ್ಕೂ ದುಡ್ಡು ಕೊಡುತ್ತಿರಲಿಲ್ಲ. ನಾನು ಕೊಟ್ಟೆ, ಸಿಆರ್‌ಡಿಇ ತಂದೆ. ಬಿಟ್ಟ ಡಿಐಯನ್ನು ಅದೇ 4.10ಕ್ಕೆ ಭಾವನವರು ಕೊಂಡರು. ಅವರಿಗೆ ಅದೇ ಸರಿಯಾದ ಗಾಡಿ.

ತಂದ ವಾರವೇ ಮಾಡಿದ್ದು ಮೂರು ಕೆಲಸ. ಫಾರ್ಮ್ 29, 30 ಕೊಟ್ಟು ಆರ್‌ಸಿ ಹೆಸರು ಬದಲಾವಣೆಗೆ ಹಾಕಿದ್ದು ಒಂದು. ಎರಡನೆಯದು ವಿಮೆ. ಗಾಡಿ ಕೈಬದಲಾದ 14 ದಿನದೊಳಗೆ ವಿಮೆಯನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ನಮ್ಮ ಗಾಡಿಗಾದ ಹಾನಿಗೆ ಕ್ಲೇಮು ಕೇಳುವಾಗ ತಕರಾರು ಖಚಿತ. ಮಾರಿದವರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಆದ್ದರಿಂದ ಪ್ರೀಮಿಯಮ್ಮಿನ ಅಂತರ ಕೈಯಿಂದ ಕಟ್ಟಬೇಕಾಯಿತು. ಮೂರನೆಯದು, ಆ 2,000 ರೂಪಾಯಿಯ ಆರ್‌ಡಿ ಖಾತೆ. ಅದಕ್ಕೆ ಮನೆಯಲ್ಲಿ ಇಂಜೆಕ್ಟರ್ ಖಾತೆ ಎಂದೇ ಹೆಸರು. ಫಿಲ್ಟರ್ ಬದಲಿಸಿದೆ, ಮೂರನೇ ಇಂಜೆಕ್ಟರನ್ನು ಬಿಚ್ಚಿ ರಿಪೇರಿ ಮಾಡಿಸಿದೆ. ತೋಟದ ಕ್ಯಾನಿನ ಡೀಸೆಲ್ ಈ ಗಾಡಿಗೆ ನಿಷಿದ್ಧ.

ಇದನ್ನು 2028ರ ಏಪ್ರಿಲ್, ಮೇ ಹೊತ್ತಿಗೆ ಮಾರುವುದೆಂದು ಈಗಲೇ ಬರೆದಿಟ್ಟಿದ್ದೇನೆ. ಆಗ ಆರ್‌ಸಿಯಲ್ಲಿ ಒಂದು ವರ್ಷದ ಮೇಲೆ ಉಳಿದಿರುತ್ತದೆ, ಮಳೆ ಎದುರಿಗಿರುವುದರಿಂದ ಫೋರ್ ವೀಲಿಗೆ ಗಿರಾಕಿಯೂ ಇರುತ್ತಾರೆ. ಒಬ್ಬ ಗಿರಾಕಿ ಈಗಲೇ ತಯಾರು. ಮೊನ್ನೆ ಹಬ್ಬಕ್ಕೆ ಬಂದ ಭಾವ ಅಂಗಳದಲ್ಲಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಆ ಮೂರನೇ ಇಂಜೆಕ್ಟರು ಮತ್ತೆ ಶಬ್ದ ಮಾಡ್ತಿದೆಯಲ್ಲ ಮಾರಾಯ" ಎಂದರು. ಎಂಜಿನ್ ಆಗ ಆಫ್ ಆಗಿತ್ತು.